ಶೆನ್‌ಜೆನ್‌ನ ಬಾಡಿಗೆ ಮನೆಗಳು

1980ರಲ್ಲಿ ಚೀನಾ ಸರ್ಕಾರ ಹಾಂಗ್‌ಕಾಂಗ್ ಪಕ್ಕದ ಶೆನ್‌ಜೆನ್‌ನಲ್ಲಿ ವಿಶೇಷ ಆರ್ಥಿಕ ವಲಯ ಶುರು ಮಾಡಿತು. ಸುತ್ತಲಿನ ಹಳ್ಳಿಗಳ ಹೊಲಗದ್ದೆ ಕಾರ್ಖಾನೆ, ರಸ್ತೆಗಳ ಪಾಲಾಯಿತು. ಮನೆ ನಿವೇಶನಗಳಷ್ಟೇ ಊರವರ ಕೈಯಲ್ಲಿ ಉಳಿದವು.

ಕೆಲಸ ಹುಡುಕಿಕೊಂಡು ದೂರದ ಊರುಗಳಿಂದ ಲಕ್ಷಾಂತರ ಜನ ಬಂದರು. ಅವರಿಗೆ ಬಾಡಿಗೆಗೆ ಕೊಡಲೆಂದು ಹಳ್ಳಿಯವರು ಅದೇ ನಿವೇಶನಗಳಲ್ಲಿ ಐದಾರು ಮಹಡಿ ಎಬ್ಬಿಸಿದರು. ಈ ಕಿಟಕಿಯಿಂದ ಕೈ ಚಾಚಿದರೆ ಎದುರು ಮನೆಯವರ ಕೈ ಕುಲುಕಬಹುದು, ಅಷ್ಟು ಒತ್ತೊತ್ತು. ಜನ ಅವಕ್ಕೆ ಇಟ್ಟ ಹೆಸರೇ ‘ಕೈಕುಲುಕುವ ಕಟ್ಟಡ’. ನಿಯಮ ಮೀರಿದ್ದು ಅಧಿಕಾರಿಗಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಗ್ಗದ ಬಾಡಿಗೆ ಇಲ್ಲದೆ ಕಾರ್ಖಾನೆಗೆ ಅಗ್ಗದ ಕೂಲಿ ಎಲ್ಲಿಂದ ಬರಬೇಕು!

ಆಮೇಲೆ ನೆಲಕ್ಕೆ ಚಿನ್ನದ ಬೆಲೆ ಬಂತು. ಬೈಶಿಝೌ ಎಂಬಲ್ಲಿ ಸುಮಾರು 1.5 ಲಕ್ಷ ಜನರಿದ್ದರು. 2019ರಲ್ಲಿ ಬಾಡಿಗೆದಾರರಿಗೆ ಮನೆ ಖಾಲಿ ಮಾಡಲು ಹೇಳಿದರು. ಹಳೆ ಮನೆಗೆ ಬದಲಾಗಿ ಹೊಸ ಫ್ಲಾಟು, ಹಣ ಎಲ್ಲ ಮಾಲೀಕರಿಗೆ. ಬಾಡಿಗೆಗಿದ್ದವರಲ್ಲಿ ಬಹುತೇಕರ ‘ಹುಕೌ’, ಅಂದರೆ ಸರ್ಕಾರಿ ಕುಟುಂಬ ನೋಂದಣಿ, ಹುಟ್ಟೂರಿನಲ್ಲೇ ಇತ್ತು. ಹತ್ತಿರದಲ್ಲಿ ಅಷ್ಟು ಕಡಿಮೆ ಬಾಡಿಗೆಯ ಮನೆ ಸಿಗುವುದಿಲ್ಲ, ದೂರ ಹೋದರೆ ಮಕ್ಕಳ ಶಾಲೆ ಏನಾಗಬೇಕು ಎಂದು ಅವರು ಕೇಳುತ್ತಲೇ ಸಾಮಾನು ಕಟ್ಟಿದರು.