ನೀರು ಬೀಳುವ ಮುಂಚೆ

ನಮ್ಮ ವಿಜಯಪುರದ ರಾಜಮನೆತನದ ಹೆಣ್ಣುಮಗಳೊಬ್ಬಳಿಗೆ ದೀಕ್ಷಾಸ್ನಾನವಾದದ್ದು ಗೋವೆಯಲ್ಲಿ, 1557ರಲ್ಲಿ. ಅವಳ ಅಪ್ಪ ಅಲಿ, ಯೂಸುಫ್ ಆದಿಲ್ ಖಾನನ ಮಗ, ಗಾದಿಯ ಮೇಲೆ ಹಕ್ಕು ಹೇಳುತ್ತಿದ್ದವನು. ಇಲ್ಲಿನ ಸುಲ್ತಾನನನ್ನು ಹೆದರಿಸಲಿಕ್ಕೆಂದೇ ಪೋರ್ಚುಗೀಸರು ಅವನನ್ನು ಗೋವೆಯಲ್ಲಿ ಇಟ್ಟುಕೊಂಡಿದ್ದರು. ಅವರ ಬಾಯಲ್ಲಿ ಅವನು 'ಮೆಯಾಲೆ'. ಜೆಸ್ವಿಟ್ ಪಾದ್ರಿಗಳು ಮಗಳನ್ನು ಅಪ್ಪನ ಮನೆಯಿಂದ ಹೊರಗೆ ಕರೆದೊಯ್ದು ನೀರು ಹಾಕಿಸಿದರು. ಅವಳು ಡೋನಾ ಮರಿಯಾ ಆದಳು, ಮುಂದೆ ಪೋರ್ಚುಗೀಸನೊಬ್ಬನ ಹೆಂಡತಿಯಾದಳು. ಹುಡುಗಿಗೇ ಮನಸ್ಸಿತ್ತು ಎಂದು ಪಾದ್ರಿಗಳು ಬರೆದಿಟ್ಟಿದ್ದಾರೆ. ಇದ್ದೀತು. ನನಗೆ ಮಾತ್ರ ಆ ಕಥೆಯಲ್ಲಿ ಎದ್ದು ಕಾಣುವುದು ಅವಸರ, ಅದರ ಹಿಂದಿನ ರಾಜಕಾರಣ.

ಅವಸರವೆಂದರೆ ನನಗೆ ಆಗುವುದಿಲ್ಲ. ಸಾಲಿ ನೌಕರಿಯಿಂದ ನಿವೃತ್ತಳಾದ ಮೇಲೆ ನಮ್ಮ ಸಭೆಯಲ್ಲಿ ದೀಕ್ಷಾಸ್ನಾನದ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ತಿಕೋಟಾ, ಬಬಲೇಶ್ವರ ಕಡೆಯಿಂದ ಬಸ್ಸಿನಲ್ಲಿ ಬರುವವರದು ಮೊದಲ ದಿನವೇ ಒಂದು ಪ್ರಶ್ನೆ ಇರುತ್ತದೆ: "ಅಕ್ಕೋರ, ನೀರು ಯಾವಾಗ ಹಾಕ್ತಾರ್ರಿ?" ಮೊದಲು ಕೂಡ್ರಿ ಅನ್ನುತ್ತೇನೆ. ದಶಾಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ ಈ ಮೂರನ್ನು ಬಾಯಿಪಾಠ ಮಾಡಿದರೆ ಸಾಲದು, ತಮ್ಮ ಮಾತಿನಲ್ಲಿ ಬಿಡಿಸಿ ಹೇಳಬೇಕು. ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳು ಕರ್ತನ ಪ್ರಾರ್ಥನೆಯನ್ನು ಹೇಳುತ್ತಾ ಹೇಳುತ್ತಾ, ಸಾಲ ಮಾಡಿದವರನ್ನು ಕ್ಷಮಿಸುವ ಮಾತಿಗೆ ಬಂದು ನಿಂತಳು. "ಇದು ಬಡ್ಡಿ ಕೊಡೋರಿಗೋ, ಬಡ್ಡಿ ತಗೊಳ್ಳೋರಿಗೋ?" ಆ ದಿನದ ಪಾಠ ಅಲ್ಲಿಗೇ ಮುಗಿಯಿತು, ಉಳಿದ ಹೊತ್ತೆಲ್ಲ ಅದೇ ಚರ್ಚೆ.

ಕಾಯಿಸುವುದು ಬಹಳ ಹಳೆಯ ಪದ್ಧತಿ. ಮೂರನೆಯ ಶತಮಾನದ ರೋಮಿನ ಹಿಪ್ಪೊಲಿಟಸನ ಹೆಸರಿನಲ್ಲಿರುವ ಸಭಾನಿಯಮಗಳ ಪ್ರಕಾರ ಕಲಿಯುವವರು 3 ವರ್ಷ ವಚನ ಕೇಳಬೇಕು. ಅದಕ್ಕೂ ಮುಂಚೆ, ಹೊಟ್ಟೆಪಾಡಿಗೆ ಏನು ಮಾಡುತ್ತೀ ಎಂಬ ವಿಚಾರಣೆ. ವಿಗ್ರಹ ಕೆತ್ತುವವ, ಅಖಾಡದಲ್ಲಿ ಜನರೆದುರು ಕಾದಾಡುವವ ಕಸುಬು ಬಿಡಬೇಕು, ಇಲ್ಲವೆ ಮನೆಗೆ ಹೋಗಬೇಕು. ಕ್ರಿಸ್ತನ ಜೊತೆ ಸತ್ತು ಅವನ ಜೊತೆ ಏಳುವುದೇ ದೀಕ್ಷಾಸ್ನಾನ ಎಂದು ಪೌಲನು ರೋಮಿನವರಿಗೆ ಬರೆದಿದ್ದ. ಸಾಯುವುದೆಂದರೆ ಬಿಡುವುದೂ ಹೌದಷ್ಟೆ. ಬಸವಣ್ಣನ ಊರಾದ ಬಸವನ ಬಾಗೇವಾಡಿ ಇರುವ ಜಿಲ್ಲೆಯವರಿಗೆ ದೀಕ್ಷೆಯ ಭಾರವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ನಮ್ಮ ಕಡೆ ಬಿಡಬೇಕಾಗಿ ಬಂದದ್ದು ಜಾತಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. ಆ ದಿನಗಳಲ್ಲಿ ಕಾಲಜ್ಞಾನ ನಂಬುವ ಕೆಲವರು, ಪರದೇಶದಿಂದ ಗುರುಗಳು ಬರುತ್ತಾರೆಂಬ ಮಾತು ತಮ್ಮ ಹೊತ್ತಿಗೆಯಲ್ಲೇ ಇದೆ ಎನ್ನುತ್ತಾ ಅವರನ್ನು ಹುಡುಕಿಕೊಂಡು ಹೋದರು. ಮಿಶನರಿಗಳು ಹಿಗ್ಗಿದರು. ಜನ ಹಿಂಡುಗಟ್ಟಿ ಬರುತ್ತಾರೆಂದು 1841ರಲ್ಲಿ ಗದಗದ ಹತ್ತಿರ ಮಲ್ಲಸಮುದ್ರದಲ್ಲಿ ವಸಾಹತು ಹೂಡಿದರು. ಬಂದವರು ಕೆಲವೇ ಜನ. ಸಂಖ್ಯೆ ಬೇಕಿತ್ತೆಂದರೆ ಅವರು ನಿಯಮ ಸಡಿಲಿಸಬಹುದಿತ್ತು. ಜಾತಿ ಬಿಡದವನಿಗೆ ನೀರಿಲ್ಲ ಎಂಬ ಪಟ್ಟು ಮಾತ್ರ ಅವರು ಬಿಡಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಗೌರವ. 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡ, 1885ರಲ್ಲಿ ಆಗ ಬಿಜಾಪುರ ಎನ್ನುತ್ತಿದ್ದ ವಿಜಯಪುರ: ಹೀಗೆ ಅವರ ಠಾಣ್ಯಗಳು ನಮ್ಮ ಹತ್ತಿರ ಬಂದವು. ಜಿಲ್ಲಾ ಕಚೇರಿ ಕಲಾದಗಿಯಿಂದ ಇಲ್ಲಿಗೆ ಬಂದದ್ದೂ 1885ರಲ್ಲೇ.

ಜಾತಿ ಬಿಟ್ಟು ಬಾ ಎಂದು ಸಭೆ ಹೇಳಿತು. ಬಿಟ್ಟವನ ಲೆಕ್ಕವನ್ನು ಸರ್ಕಾರ ಬೇರೆ ರೀತಿ ಬರೆದುಕೊಂಡಿತು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂಗಳಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. 2024ರಲ್ಲಿ ಪುದುಚೇರಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅರ್ಜಿದಾರಳ ದೀಕ್ಷಾಸ್ನಾನವನ್ನೂ ಲೆಕ್ಕಕ್ಕೆ ಹಿಡಿದು ಜಾತಿ ಪ್ರಮಾಣಪತ್ರ ನಿರಾಕರಿಸಿತು. ಊರಿನ ಮಂದಿಯೇನೂ ಅಷ್ಟು ಮರೆಗುಳಿಗಳಲ್ಲ. ನೀರು ಬಿದ್ದ ಮೇಲೂ ಹಳೆಯ ಓಣಿ ಹಳೆಯ ಓಣಿಯೇ. ಕರ್ನಾಟಕದ 2022ರ ಕಾಯ್ದೆ ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. ಮರುವರ್ಷ ಹೊಸ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯುವುದಕ್ಕೆ ನನ್ನ ತಕರಾರಿಲ್ಲ, ನಾವು ಅದಕ್ಕಿಂತ ಹೆಚ್ಚೇ ಕಾಯಿಸುತ್ತೇವೆ. ಆದರೆ ಮನಸ್ಸು ಮಾಡಿದವನನ್ನು ಪರೀಕ್ಷಿಸುವ ಕೆಲಸ ಕಚೇರಿಯದಲ್ಲ.

ಹೀಗಾಗಿ ಪಾಠಕ್ಕೆ ಒಂದು ದಿನ ಹೆಚ್ಚು ಸೇರಿಸಿಕೊಂಡಿದ್ದೇನೆ. ಮಗನ ಹಾಸ್ಟೆಲ್ಲು, ನೌಕರಿಯ ಅರ್ಜಿ, ಗ್ರಾಮ ಪಂಚಾಯಿತಿಯ ಮೀಸಲು ಸೀಟು ಏನೇನಾಗುತ್ತವೆ ಎಂದು ಅಂದು ಬಾಯಿಬಿಟ್ಟು ಹೇಳುತ್ತೇನೆ. ಇದನ್ನೆಲ್ಲ ಹೇಳಿದರೆ ಬರುವವರೂ ಬರುವುದಿಲ್ಲ ಎಂದು ಸಭೆಯ ಹಿರಿಯರಲ್ಲಿ ಕೆಲವರಿಗೆ ಸಿಟ್ಟು. ಕೆಲವರು ನಿಜಕ್ಕೂ ನೀರಿನವರೆಗೆ ಬರುವುದಿಲ್ಲ. ಭಾನುವಾರದ ಆರಾಧನೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತಾರೆ, ಕರ್ತನ ಭೋಜನದ ಹೊತ್ತಿಗೆ ಎದ್ದು ತಿಕೋಟಾ ಬಸ್ಸು ಹಿಡಿಯುತ್ತಾರೆ. ಅವರ ಹೆಸರು ರಿಜಿಸ್ಟರಿನಲ್ಲಿಲ್ಲ, ನನ್ನ ಹಾಜರಿ ಪಟ್ಟಿಯಲ್ಲಿದೆ.