ಕೃಷ್ಣಾ–ಭೀಮಾ ನಡುನಾಡಿನಲ್ಲಿ ಎಚ್ಚರದ ಕಾಯಕ

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಕ್ಕೇರಾ ಬೇರೆ, ಡೋಹರ ಕಕ್ಕಯ್ಯನ ಹೆಸರಿನೊಂದಿಗೆ ಸೇರಿಕೊಂಡಿರುವ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಕ್ಕೇರಿ ಬೇರೆ. ಹಾಗೆಂದು ಕಕ್ಕೇರಾಕ್ಕೆ ಶರಣರ ನೆರೆಯಿಲ್ಲವೆಂದಲ್ಲ. ಜೇಡರ ದಾಸಿಮಯ್ಯನ ಮುದನೂರು, ಭೋಗಣ್ಣನ ಕೆಂಭಾವಿ, ಕಾಲಜ್ಞಾನಕ್ಕೆ ಹೆಸರಾದ ಕೊಡೇಕಲ್ಲ, ಮೌನೇಶ್ವರರ ತಿಂಥಣಿ ಎಲ್ಲವೂ ಇದೇ ಸೀಮೆಯ ಊರುಗಳು. ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿದರೆ ಸಿಗುವ ಲಿಂಗಸುಗೂರು ತಾಲ್ಲೂಕಿನಲ್ಲಿ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಅಮರೇಶ್ವರವಿದೆ. ಉತ್ತರದಲ್ಲಿ ಭೀಮಾತೀರದ ಸನ್ನತಿಯಿದೆ. ಎರಡು ನದಿಗಳ ನಡುವಣ ಈ ಕಪ್ಪುನೆಲವು ಮನುಷ್ಯನ ನಿತ್ಯದ ದುಡಿಮೆಯ ಕುರಿತು ಬಹಳ ಹಿಂದಿನಿಂದಲೂ ಚಿಂತಿಸಿದ ನೆಲ.

ಮಾಡುವ ಕೆಲಸದಲ್ಲಿ ಮನಸ್ಸನ್ನು ನೆಲೆಗೊಳಿಸುವುದು ಹೇಗೆ ಎಂಬ ಪ್ರಶ್ನೆಗೆ ಇಂದು ತರಬೇತಿ ಶಿಬಿರಗಳು ಉತ್ತರ ಹೇಳುತ್ತಿವೆ. ಅಮೆರಿಕದ ಜಾನ್ ಕಬಾಟ್ ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಆರಂಭಿಸಿದ ಒತ್ತಡ ನಿವಾರಣೆಯ ಕ್ರಮದಿಂದ ಈ ವಿಚಾರ ಜಗತ್ತಿನಾದ್ಯಂತ ಹಬ್ಬಿತು. ಅದರ ಬೇರು ಬೌದ್ಧರ ಸ್ಮೃತಿಯ ಅಭ್ಯಾಸದಲ್ಲಿದೆ. ಆ ಬೌದ್ಧ ಪರಂಪರೆಯ ದೊಡ್ಡ ನೆಲೆಯೊಂದು ಸನ್ನತಿ–ಕನಗನಹಳ್ಳಿಯಲ್ಲಿ ಇತ್ತೆಂಬುದನ್ನು ಮರೆಯುವಂತಿಲ್ಲ.

ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ದೇವಿಯ ಪೀಠವಾಗಿ ಬಳಕೆಯಾಗಿದ್ದ ಶಿಲೆಯೊಂದರಲ್ಲಿ 1980ರ ದಶಕದ ಕೊನೆಯಲ್ಲಿ ಅಶೋಕನ ಶಾಸನಗಳು ಗೋಚರಿಸಿದವು. ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಪ್ರತ್ಯೇಕ ಶಾಸನಗಳ ಭಾಗಗಳು ಇಲ್ಲಿಯೂ ದೊರೆತದ್ದು ವಿದ್ವಾಂಸರಲ್ಲಿ ಅಚ್ಚರಿ ಹುಟ್ಟಿಸಿತು. ಆ ಪ್ರತ್ಯೇಕ ಶಾಸನಗಳಲ್ಲಿ ಮೊದಲನೆಯದು ನ್ಯಾಯ ವಿಚಾರಿಸುವ ಅಧಿಕಾರಿಗಳಿಗೆ ಹೇಳಿದ್ದು. ಕಾರಣವಿಲ್ಲದೆ ಯಾರೊಬ್ಬನೂ ಸೆರೆವಾಸವನ್ನಾಗಲಿ ಕಿರುಕುಳವನ್ನಾಗಲಿ ಅನುಭವಿಸಬಾರದು ಎಂಬುದು ಅದರ ಆಶಯ. ಹಾಗಾಗಬೇಕಾದರೆ ಅಧಿಕಾರಿಯು ಅಸೂಯೆ, ಸಿಟ್ಟು, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ದಣಿವು ಇವುಗಳಿಂದ ದೂರವಿರಬೇಕೆಂದು ಅರಸನು ಎಣಿಸಿ ಹೇಳುತ್ತಾನೆ. ಈ ಪಟ್ಟಿಯಲ್ಲಿ ಆಲಸ್ಯದೊಂದಿಗೆ ಆತುರವೂ ಇರುವುದು, ಸಿಟ್ಟಿನೊಂದಿಗೆ ದಣಿವೂ ಇರುವುದು ಗಮನಾರ್ಹ. ಕೆಲಸದಲ್ಲಿ ಮನಸ್ಸಿಲ್ಲದಿರುವುದು ಕೆಲಸ ಮಾಡುವವನೊಬ್ಬನ ನಷ್ಟವಷ್ಟೇ ಅಲ್ಲ. ಅದರ ಬೆಲೆಯನ್ನು ಇನ್ನೊಬ್ಬನು ತೆರುತ್ತಾನೆ.

ಇದೇ ಮಾತನ್ನು ಜೈನ ಪರಂಪರೆಯು ಇನ್ನೂ ಸೂಕ್ಷ್ಮವಾಗಿ ನೋಡಿದೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಲಕ್ಷಣೀಕರಿಸುವಾಗ ಪ್ರಾಣಹಾನಿಯೊಂದನ್ನೇ ಹೇಳುವುದಿಲ್ಲ. ಅದು ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳಿಂದ ಆದದ್ದೆಂದು ವಿಶೇಷಿಸುತ್ತದೆ. ಜೀವಿಯು ಸಾಯಲಿ ಬದುಕಲಿ, ಎಚ್ಚರವಿಲ್ಲದೆ ವರ್ತಿಸುವವನಿಗೆ ಹಿಂಸೆಯ ದೋಷ ತಪ್ಪದೆಂಬುದು ಕುಂದಕುಂದಾಚಾರ್ಯರ ಪ್ರವಚನಸಾರದ ನಿಲುವು. ನಡೆಯುವುದು, ನುಡಿಯುವುದು, ಆಹಾರ ಸ್ವೀಕರಿಸುವುದು, ವಸ್ತುವನ್ನು ಎತ್ತಿ ಇಡುವುದು, ಮಲಮೂತ್ರ ವಿಸರ್ಜನೆ ಎಂಬ ತೀರಾ ಸಾಮಾನ್ಯವಾದ ಕ್ರಿಯೆಗಳೇ ಐದು ಸಮಿತಿಗಳಾಗಿ ಮುನಿಧರ್ಮದಲ್ಲಿ ಸೇರಿದುದು ಈ ಕಾರಣದಿಂದ.

ಪ್ರಮಾದವೆಂದರೆ ಬರಿಯ ಮರೆವಲ್ಲ. ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ ಮತ್ತು ಸ್ನೇಹ ಎಂದು ಅದನ್ನು 15 ಬಗೆಯಾಗಿ ಎಣಿಸುತ್ತಾರೆ. ಆ ನಾಲ್ಕು ಕಷಾಯಗಳಲ್ಲಿ ಲೋಭವೂ ಒಂದು. ಲೋಭಿಯು ತನ್ನ ಗಳಿಕೆಯಲ್ಲಿ ಅತ್ಯಂತ ಏಕಾಗ್ರನಾಗಿರಬಲ್ಲನು. ಆದರೂ ಅವನು ಪ್ರಮತ್ತನೇ. ಏಕಾಗ್ರತೆ ಮತ್ತು ಎಚ್ಚರ ಒಂದೇ ಅಲ್ಲವೆಂಬ ಈ ವಿವೇಕವು ಮುಖ್ಯವಾದುದು. ಆರನೆಯ ಗುಣಸ್ಥಾನವಾದ ಪ್ರಮತ್ತವಿರತಕ್ಕೂ ಏಳನೆಯದಾದ ಅಪ್ರಮತ್ತವಿರತಕ್ಕೂ ನಡುವೆ ಮುನಿಯೂ ಮತ್ತೆ ಮತ್ತೆ ಹೋಗಿಬರುತ್ತಿರುತ್ತಾನೆ. ಅಪ್ರಮತ್ತ ಸ್ಥಿತಿಯು ಒಮ್ಮೆಗೆ ಒಂದು ಮುಹೂರ್ತ, ಅಂದರೆ 48 ನಿಮಿಷದಷ್ಟೂ ನಿಲ್ಲುವುದಿಲ್ಲ. ಮನಸ್ಸು ಜಾರುವುದನ್ನು ಶಾಸ್ತ್ರಕಾರರು ಸಹಜವೆಂದೇ ಬಗೆದಿದ್ದಾರೆ. ಜಾರಿದ್ದು ಅರಿವಿಗೆ ಬಂದು ಹಿಂದಿರುಗುವುದೇ ಸಾಧನೆ.

ಈ ಹಿನ್ನೆಲೆಯಲ್ಲಿ ಮುದನೂರಿನ ನೇಕಾರನ ಕಡೆಗೆ ತಿರುಗಬಹುದು. ಜೇಡರ ದಾಸಿಮಯ್ಯನು ಬಸವಣ್ಣನಿಗಿಂತ ಹಿಂದಿನವನು. ರಾಮನಾಥ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದವನು. ಈತನೂ ದೇವರ ದಾಸಿಮಯ್ಯನೂ ಒಬ್ಬನೇ, ಬೇರೆ ಬೇರೆಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಚಾಲುಕ್ಯ ಇಮ್ಮಡಿ ಜಯಸಿಂಹನ ಆಸ್ಥಾನದಲ್ಲಿ ದಾಸಿಮಯ್ಯನು ಜೈನರನ್ನು ವಾದದಲ್ಲಿ ಸೋಲಿಸಿದನೆಂದು ಪುರಾಣಗಳು ಹೇಳುತ್ತವೆ. ಅದೇ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ವಾದಿರಾಜಸೂರಿಯು ಪಾರ್ಶ್ವನಾಥಚರಿತವನ್ನು ಪೂರ್ಣಗೊಳಿಸಿದನೆಂಬುದು ಇತಿಹಾಸ. ಗೆಲುವು ಸೋಲುಗಳ ಕಥೆ ಏನೇ ಇರಲಿ, ದುಡಿಮೆಯ ಎಚ್ಚರದ ವಿಷಯದಲ್ಲಿ ಎರಡು ಪರಂಪರೆಗಳು ಪರಸ್ಪರ ಹತ್ತಿರ ಬರುತ್ತವೆ.

ದಾಸಿಮಯ್ಯನು ಮೊದಲು ಕಾಡಿನಲ್ಲಿ ಉಗ್ರ ತಪಸ್ಸಿನಲ್ಲಿದ್ದನೆಂದೂ, ಶಿವನು ಪ್ರತ್ಯಕ್ಷನಾಗಿ ದೇಹವನ್ನು ದಂಡಿಸುವುದನ್ನು ಬಿಟ್ಟು ಲೋಕದಲ್ಲಿ ದುಡಿಯುವಂತೆ ಹೇಳಿದನೆಂದೂ, ಆಗ ಆತನು ಊರಿಗೆ ಮರಳಿ ಮಗ್ಗಕ್ಕೆ ಕುಳಿತನೆಂದೂ ಐತಿಹ್ಯವಿದೆ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವಚನಾನುವಾದದ ಮೂಲಕ ಈ ಕಥೆ ಹೊರನಾಡುಗಳಿಗೂ ತಲುಪಿತು. ಕಾಡಿನ ಏಕಾಂತದಲ್ಲಿ ಸಿಗಬೇಕಾದುದು ಮಗ್ಗದ ಗುಂಡಿಯಲ್ಲಿಯೇ ಸಿಗುತ್ತದೆಂಬುದು ಕಥೆಯ ತಾತ್ಪರ್ಯ. ಮಗ್ಗಕ್ಕೆ ಕುಳಿತವನ ಕಾಲು, ಕೈ, ಕಣ್ಣು ಮೂರೂ ಏಕಕಾಲದಲ್ಲಿ ದುಡಿಯಬೇಕು. ಹಾಸಿನ ಎಳೆಯೊಂದು ತುಂಡಾದುದನ್ನು ಆಗಲೇ ಕಂಡು ಗಂಟು ಹಾಕದಿದ್ದರೆ ಆ ಲೋಪವು ಬಟ್ಟೆಯೊಡನೆ ಮುಂದುವರಿಯುತ್ತದೆ. ತಿದ್ದಬೇಕಾದರೆ ನೇಯ್ದದ್ದನ್ನು ಬಿಚ್ಚಬೇಕು. ಲಾಳಿಯು ಪ್ರತಿಬಾರಿ ಹಾದುಹೋಗುವಾಗಲೂ ಮಗ್ಗವು ನೇಕಾರನನ್ನು ಪರೀಕ್ಷಿಸುತ್ತದೆ. ಆತನ ಪತ್ನಿ ದುಗ್ಗಳೆಯೂ ವಚನಕಾರ್ತಿ. ಮಗ್ಗದ ಮನೆಯ ಅರಿವು ಒಬ್ಬನದಾಗಿರಲಿಲ್ಲ.

ದಾಸಿಮಯ್ಯನ ತರುವಾಯದ ಶತಮಾನದಲ್ಲಿ ಕೃಷ್ಣೆಯ ಆಚೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಮಾರಯ್ಯನ ಕಾಯಕ ಬೇರೆ ಬಗೆಯದು. ಶರಣರ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ದುಡಿಮೆ. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸಿದ ಪ್ರಸಿದ್ಧ ಮಾತು ಆತನ ವಚನದ್ದು. ಕಾಯಕದಲ್ಲಿ ತೊಡಗಿದಾಗ ಗುರು, ಲಿಂಗ, ಜಂಗಮರ ಕಡೆಗೂ ಮನಸ್ಸು ಹೊರಳಬಾರದೆಂಬ ಕಟ್ಟುನಿಟ್ಟು ಅಲ್ಲಿದೆ. ಇಂದು ಕಚೇರಿಯ ಗೋಡೆಗಳ ಮೇಲೆ ಕಾಣುವುದು ಈ ಮಾತೊಂದೇ. ಶೂನ್ಯಸಂಪಾದನೆಯ ಪರಂಪರೆಯು ಹೇಳುವ ಉಳಿದ ಕಥೆ ಗೋಡೆಯ ಮೇಲೆ ಬರುವುದಿಲ್ಲ.

ಆ ಕಥೆಯಲ್ಲಿ ಮಾರಯ್ಯನು ಎರಡು ಬಾರಿ ಎಡವುತ್ತಾನೆ. ಒಮ್ಮೆ ಅನುಭವದ ಮಾತುಕತೆಯಲ್ಲಿ ಮೈಮರೆತು ಕೆಲಸವನ್ನೇ ಮರೆಯುತ್ತಾನೆ. ಕಾಯಕ ನಿಂತಿದೆಯೆಂದು ಲಕ್ಕಮ್ಮ ಎಚ್ಚರಿಸುತ್ತಾಳೆ. ಇನ್ನೊಮ್ಮೆ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಮೊದಲನೆಯದು ಕೆಲಸದಿಂದ ಮನಸ್ಸು ಜಾರಿದ ತಪ್ಪು. ಎರಡನೆಯದು ಅದಕ್ಕಿಂತ ಕಾಣಲು ಕಷ್ಟವಾದುದು. ಕೈ ಆಯುತ್ತಲೇ ಇತ್ತು, ಕಣ್ಣು ಅಕ್ಕಿಯ ಮೇಲೆಯೇ ಇತ್ತು, ಆದರೆ ಸಾಕೆಂಬ ಅರಿವು ಇರಲಿಲ್ಲ. ಮಾರಯ್ಯನಲ್ಲಿ ಏಕಾಗ್ರತೆಗೆ ಕೊರತೆಯಿರಲಿಲ್ಲ. ಆ ಹೊತ್ತಿನಲ್ಲಿ ಎಚ್ಚರವಿದ್ದುದು ಲಕ್ಕಮ್ಮನಲ್ಲಿ. ಜೈನಾಚಾರ್ಯರು ಲೋಭವನ್ನು ಪ್ರಮಾದದ ಪಟ್ಟಿಯಲ್ಲಿ ಸೇರಿಸಿದ್ದರ ಅರ್ಥ ಈ ಮನೆಯಂಗಳದಲ್ಲಿ ಸ್ಪಷ್ಟವಾಗುತ್ತದೆ.

ಈ ಅರ್ಥಕ್ಕೆ ಇಂದು ಹೆಚ್ಚಿನ ತೂಕವಿದೆ. ಒಂದು ಕಾಲದಲ್ಲಿ ಮಳೆಯನ್ನೇ ನಂಬಿದ್ದ ಸುರಪುರ ಸೀಮೆಗೆ ನಾರಾಯಣಪುರದ ಬಸವಸಾಗರ ಜಲಾಶಯದಿಂದ ನಾಲೆಯ ನೀರು ಬಂದಿದೆ. ಜೋಳದ ನೆಲದಲ್ಲಿ ಭತ್ತದ ಗದ್ದೆಗಳೂ ಎದ್ದಿವೆ. ಆದರೂ ಈ ಜಿಲ್ಲೆಯಿಂದ ಬೆಂಗಳೂರು, ಮುಂಬಯಿಗಳ ಕಟ್ಟಡಗಳಿಗೆ ಗುಳೆ ಹೋಗುವವರು ನಿಂತಿಲ್ಲ. ಎತ್ತರದ ಸಾರುವೆಯ ಮೇಲೆ ನಿಂತು ಇಟ್ಟಿಗೆ ಸಾಗಿಸುವವನಿಗೆ ಕ್ಷಣದ ಮೈಮರೆವು ಪ್ರಾಣಾಪಾಯ. ಅವನಿಗೆ ಎಚ್ಚರದಿಂದ ದುಡಿಯೆಂದು ಹೇಳುವುದು ಸುಲಭ. ಆದರೆ ಅವನ ದಣಿವಿನ ಲೆಕ್ಕ ಇಡುವವರಾರು? ಅಶೋಕನ ಶಾಸನವು ದಣಿವನ್ನೂ ದೋಷಗಳಲ್ಲಿ ಎಣಿಸಿತು; ಆ ಮಾತನ್ನು ಆಡಿದ್ದು ಅಧಿಕಾರದಲ್ಲಿರುವವರಿಗೆ.

ಎಚ್ಚರವು ದುಡಿಯುವವನೊಬ್ಬನ ಹೊಣೆಯೆಂದು ಬಗೆದಾಗ ಕಾಯಕದ ಮಾತು ಹೆಚ್ಚು ದುಡಿಸಿಕೊಳ್ಳುವವರ ಕೈಯ ಚಾವಟಿಯಾಗುತ್ತದೆ. ದುಡಿಸಿಕೊಳ್ಳುವವರೂ ಅಳತೆಯನ್ನು ಅರಿತಾಗ ಮಾತ್ರ ಅದು ಮಾರಯ್ಯ–ಲಕ್ಕಮ್ಮರ ಕಾಯಕವಾದೀತು. ಮುದನೂರಿನ ಮಗ್ಗದಿಂದ ಕಲಿಯಬೇಕಾದುದು ತುಂಡಾದ ಎಳೆಯನ್ನು ಆಗಲೇ ಕಾಣುವ ಕಣ್ಣನ್ನು. ಅಮರೇಶ್ವರದ ಲಕ್ಕಮ್ಮನಿಂದ ಕಲಿಯಬೇಕಾದುದು ಇಂದಿಗೆ ಇಷ್ಟು ಸಾಕೆನ್ನುವ ಮನಸ್ಸನ್ನು. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿತರೆ ಆ ಕಲಿಕೆ ಅರ್ಧವಾಗಿಯೇ ಉಳಿಯುತ್ತದೆ.