ದೆಹಲಿಗೆ ಬಂದಿದ್ದ ಸುಂಟರಗಾಳಿ

1978ರ ಮಾರ್ಚ್ 17, ಶುಕ್ರವಾರ. ಹೋಳಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಅಂದು ಸಂಜೆ ಉತ್ತರ ದೆಹಲಿಯಲ್ಲಿ, ವಿಶ್ವವಿದ್ಯಾಲಯ ಮತ್ತು ಮಾರಿಸ್ ನಗರದ ಆಸುಪಾಸಿನಲ್ಲಿ, ಒಂದು ಸುಂಟರಗಾಳಿ ನೆಲ ಮುಟ್ಟಿತು. ಅದು ಸಾಗಿದ ದಾರಿ ಸುಮಾರು 5 ಕಿಲೋಮೀಟರ್ ಉದ್ದ, ಅಗಲ 50 ಮೀಟರ್ ಆಸುಪಾಸು. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದುಹೋಯಿತು. 28 ಜನ ಸತ್ತರು, ಸುಮಾರು 700 ಮಂದಿ ಗಾಯಗೊಂಡರು.

ಈ ಲೆಕ್ಕವನ್ನು ನೋಯ್ಡಾ, ಗುರುಗ್ರಾಮದ ಗೆಳೆಯರ ಮುಂದೆ ಹೇಳಿದರೆ ಬಹಳ ಜನ ನಂಬುವುದಿಲ್ಲ. ದೆಹಲಿ ಅಂದರೆ ನಮಗೆ ಮೇ ತಿಂಗಳ ಬಿಸಿಲು, ನವೆಂಬರಿನ ಹೊಗೆ, ಜನವರಿಯ ಮಂಜು. ಟಾರ್ನೆಡೋ ಅಂದರೆ ಅಮೆರಿಕ. ಇಲ್ಲಿ ನೌಕರಿಗೋ ಓದಿಗೋ ಬಂದ ನಮ್ಮಲ್ಲಿ ಹೆಚ್ಚಿನವರಿಗೆ ಈ ಊರಿನ ಹವೆಯ ನೆನಪು ಐದೋ ಹತ್ತೋ ವರ್ಷದ್ದು. ಊರಿನಲ್ಲಾದರೆ ಯಾವ ವರ್ಷ ಹೊಳೆ ಎಲ್ಲಿಯವರೆಗೆ ಬಂದಿತ್ತು, ಯಾವ ಮಳೆಗೆ ಯಾರ ಮನೆಯ ಹೆಂಚು ಹಾರಿತ್ತು ಎಂದು ಹೇಳಲು ಅಜ್ಜನೋ ಅತ್ತೆಯೋ ಇರುತ್ತಾರೆ. ಇಲ್ಲಿ ಹಾಗೆ ಹೇಳುವವರು ಯಾರು? 1978ರಲ್ಲಿ ದೆಹಲಿಯಲ್ಲೇ ಇದ್ದ ಕನ್ನಡಿಗರಿಗೂ ಅದು ಕಣ್ಣಾರೆ ಕಂಡ ನೆನಪಾಗಿರಬೇಕಿಲ್ಲ. ಮಾರಿಸ್ ನಗರದಿಂದ ಕರ್ನಾಟಕ ಸಂಘವಿರುವ ರಾಮಕೃಷ್ಣಪುರಕ್ಕೆ 10 ಕಿಲೋಮೀಟರಿಗಿಂತ ಹೆಚ್ಚು ದೂರ. 50 ಮೀಟರ್ ಅಗಲದ ಗಾಳಿ 100 ಮೀಟರ್ ಆಚೆಯ ಮನೆಯವರನ್ನೇ ಮುಟ್ಟದೆ ಹೋಗಬಹುದು.

ಮರೆವಿಗೆ ಇನ್ನೊಂದು ಕಾರಣ ಮಾತಿನದು. ಕನ್ನಡದಲ್ಲಿ ಸುಂಟರಗಾಳಿ ಎಂದರೆ ಬಯಲುಸೀಮೆಯ ಹೊಲದಲ್ಲಿ ಮಧ್ಯಾಹ್ನದ ಬಿಸಿಲಿಗೆ ತರಗೆಲೆ, ಧೂಳು ಎತ್ತಿಕೊಂಡು ಗಿರಗಿರನೆ ತಿರುಗುವ ಗಾಳಿಯೂ ಹೌದು, ಮನೆಯನ್ನೇ ಕೀಳುವ ಟಾರ್ನೆಡೋ ಕೂಡ ಹೌದು. ಹಿಂದಿಯ ಬವಂಡರ್ ಕಥೆಯೂ ಇದೇ. ಆದರೆ ಎರಡೂ ಬೇರೆ ಬೇರೆ. ಹೊಲದ ಗಾಳಿ ಕಾದ ನೆಲದಿಂದ ಏಳುತ್ತದೆ, ಅದಕ್ಕೆ ಮೋಡವೇ ಬೇಡ. ಟಾರ್ನೆಡೋ ಗುಡುಗಿನ ಮೋಡದ ತಳದಿಂದ ನೆಲದವರೆಗೆ ಚಾಚಿದ ಗಾಳಿಯ ಸುಳಿ. ಎರಡಕ್ಕೂ ಒಂದೇ ಹೆಸರಿದ್ದಾಗ ಹಳ್ಳಿಯವರು ಕಂಡದ್ದನ್ನು ಹೇಳಿದರೂ ಪಟ್ಟಣದವರು 'ಓ, ಅದಾ' ಎಂದು ಬಿಟ್ಟುಬಿಡುತ್ತಾರೆ.

ದೆಹಲಿಗೆ ಇದು ಯಾಕೆ ಬರಬಹುದು ಎಂಬುದು ಕಷ್ಟದ ವಿಷಯವೇನಲ್ಲ. ಮಾರ್ಚ್ ಹೊತ್ತಿಗೆ ಇಲ್ಲಿ ನೆಲ ಕಾಯಲು ಶುರುವಾಗಿರುತ್ತದೆ. ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳು ಇನ್ನೂ ನಿಂತಿರುವುದಿಲ್ಲ. ಅವು ಬಂದಾಗ ಸಮುದ್ರದ ಕಡೆಯಿಂದ ತೇವದ ಗಾಳಿ ಒಳನಾಡಿಗೆ ಬರುವುದುಂಟು. ಕೆಳಗೆ ತೇವದ ಬೆಚ್ಚನೆಯ ಗಾಳಿ, ಮೇಲೆ ತಣ್ಣನೆಯ ಒಣ ಗಾಳಿ, ಜೊತೆಗೆ ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತಿದ್ದರೆ, ಗುಡುಗಿನ ಮೋಡ ತಾನೇ ತಿರುಗಲು ತೊಡಗುತ್ತದೆ. ಅಂಥ ಮೋಡಗಳಲ್ಲಿ ಕೆಲವೇ ಕೆಲವು ಸುಂಟರಗಾಳಿಯನ್ನು ಇಳಿಸುತ್ತವೆ. ಯುರೋಪಿನಲ್ಲಿ ಶರದೃತು ಬಿರುಗಾಳಿಯ ಕಾಲ, ನಮ್ಮ ಬಂಗಾಳ ಕೊಲ್ಲಿಯಲ್ಲಿ ಆಗ ಚಂಡಮಾರುತದ ಕಾಲ. ದೆಹಲಿಯ ಗಾಳಿಯ ಕಾಲ ಮಾತ್ರ ಮಾರ್ಚ್‌ನಿಂದ ಮಳೆಗಾಲ ಶುರುವಾಗುವವರೆಗೆ.

1978ರ ಗಾಳಿಯ ವಿವರ ಉಳಿದುಕೊಂಡದ್ದು ಹೇಗೆ? ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1944ರಿಂದ ದೆಹಲಿಯಲ್ಲಿದೆ. ಗಾಳಿ ಬಂದದ್ದು ಅದೇ ಊರಿನ ವಿಶ್ವವಿದ್ಯಾಲಯದ ಬಳಿಗೆ. ನೋಡುವವರು, ಅಳೆಯುವವರು, ಬರೆಯುವವರು, ಪತ್ರಿಕೆಯವರು ಎಲ್ಲರೂ ಹತ್ತಿರದಲ್ಲೇ ಇದ್ದರು. ಇಲಾಖೆಯ ನಿಯತಕಾಲಿಕ 'ಮೌಸಮ್'ನಲ್ಲಿ ಅದರ ಬಗ್ಗೆ ಲೇಖನವೂ ಬಂತು. ಅದೇ ಗಾಳಿ 60 ಕಿಲೋಮೀಟರ್ ಆಚೆ ಗೋಧಿ ಹೊಲದ ಮೇಲೆ ಹಾದಿದ್ದರೆ 'ಬಿರುಗಾಳಿಗೆ ಬೆಳೆ ಹಾನಿ' ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಹಳೆಯ ಗಾಳಿಗಳ ಪಟ್ಟಿ ನೋಡುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅದು ಬಂದ ಗಾಳಿಗಳ ಪಟ್ಟಿಯಲ್ಲ, ಯಾರಾದರೂ ಬರೆದಿಟ್ಟ ಗಾಳಿಗಳ ಪಟ್ಟಿ.

ಹೀಗೆ ಬರೆದಿಟ್ಟವರಲ್ಲಿ ಒಬ್ಬರು ಎಸ್. ಎ. ಹಿಲ್. ಅಲಹಾಬಾದಿನ ಮ್ಯೂರ್ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು, ಪಾಠದ ಜೊತೆಗೆ ಪ್ರಾಂತ್ಯದ ಹವಾಮಾನ ವರದಿಯ ಹೊಣೆಯೂ ಅವರದ್ದೇ. 1888ರ ಏಪ್ರಿಲ್, ಮೇ ತಿಂಗಳಲ್ಲಿ ದೋಆಬ್ ಮತ್ತು ರೋಹಿಲ್‌ಖಂಡದಲ್ಲಿ ಬೀಸಿದ ಸುಂಟರಗಾಳಿ ಮತ್ತು ಆಲಿಕಲ್ಲು ಮಳೆಗಳ ಬಗ್ಗೆ ಅವರು ಬಂಗಾಳದ ಏಷ್ಯಾಟಿಕ್ ಸೊಸೈಟಿಗೆ ಒಂದು ಪ್ರಬಂಧ ಬರೆದರು. ಆ ವರ್ಷದ ಏಪ್ರಿಲ್ 30ರಂದು ಮೊರಾದಾಬಾದಿನಲ್ಲಿ ಬಿದ್ದ ಆಲಿಕಲ್ಲಿಗೆ 246 ಜನ ಬಲಿಯಾದರು. ಆಲಿಕಲ್ಲಿನಿಂದ ಆದ ಅತಿ ಹೆಚ್ಚು ಸಾವು ಎಂದು ವಿಶ್ವ ಹವಾಮಾನ ಸಂಸ್ಥೆಯ ದಾಖಲೆಯಲ್ಲಿ ಇಂದಿಗೂ ಇರುವುದು ಇದೇ. ದೋಆಬ್ ಎಂದರೆ ಗಂಗೆ ಯಮುನೆಗಳ ನಡುವಿನ ನೆಲ. ನಾನಿರುವ ನೋಯ್ಡಾ, ಪಕ್ಕದ ಗಾಜಿಯಾಬಾದ್ ಇರುವುದೂ ಆ ನೆಲದ ಮೇಲೆಯೇ. ನಮ್ಮ ಅಪಾರ್ಟ್‌ಮೆಂಟುಗಳು ಎದ್ದು ನಿಲ್ಲುವ ನೂರು ವರ್ಷ ಮೊದಲೇ ಈ ಸೀಮೆಯ ಸುಂಟರಗಾಳಿಗಳ ಬಗ್ಗೆ ಒಬ್ಬ ಮೇಷ್ಟರು ಬರೆದಿಟ್ಟಿದ್ದರು.

ಅದೇ ಕಾಲಕ್ಕೆ ನಮ್ಮ ಕಡೆಯೂ ಇಂಥದೇ ಕೆಲಸ ನಡೆದಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಮೈಸೂರು ಸಂಸ್ಥಾನದ ಹವಾಮಾನ ವಿಭಾಗವನ್ನೂ ನೋಡಿಕೊಂಡರು. 1890ರ ದಶಕದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗದ ವೀಕ್ಷಣಾಲಯಗಳ ಅಂಕಿಅಂಶಗಳು ಅವರ ಹೆಸರಿನಲ್ಲಿ ವರ್ಷವರ್ಷವೂ ಅಚ್ಚಾದವು. ಹಿಲ್, ಕುಕ್ ಇಬ್ಬರ ಮುಖ್ಯ ಕಸುಬು ಪಾಠ. ಹವೆಯ ಲೆಕ್ಕ ಅದರ ಜೊತೆಗೆ ಮಾಡಿದ ಕೆಲಸ.

ಇವರಿಗೂ ಮೊದಲಿನವನು ಹೆನ್ರಿ ಪಿಡಿಂಗ್‌ಟನ್. ಹಡಗಿನಲ್ಲಿ ದುಡಿದು ಕೊನೆಗೆ ಕಲ್ಕತ್ತೆಯಲ್ಲಿ ನೆಲೆ ನಿಂತವನು. ಅವನಿಗೆ ಹವಾಮಾನದ ಹುದ್ದೆ ಇರಲಿಲ್ಲ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ, ಅವನು ತೀರಿಹೋದ ಮೇಲೆ. ಬಂದ ಹಡಗುಗಳ ದಿನಚರಿ ಪುಸ್ತಕಗಳನ್ನು ತರಿಸಿಕೊಂಡು, ಯಾವ ಗಳಿಗೆಗೆ ಯಾವ ಹಡಗಿಗೆ ಯಾವ ದಿಕ್ಕಿನ ಗಾಳಿ ಬಡಿಯಿತು ಎಂದು ನಕ್ಷೆಯ ಮೇಲೆ ಗುರುತು ಮಾಡುತ್ತಾ ಹೋದ. ಕೊಲ್ಲಿಯ ದೊಡ್ಡ ಬಿರುಗಾಳಿಗಳು ಸುತ್ತು ಹಾಕುತ್ತವೆ ಎಂಬುದನ್ನು ನಾವಿಕರಿಗೆ ತಿಳಿಯುವಂತೆ ಬರೆದ. ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದದಿಂದ 'ಸೈಕ್ಲೋನ್' ಎಂಬ ಮಾತನ್ನು ಟಂಕಿಸಿದವನೂ ಅವನೇ. 1848ರ ಅವನ ಪುಸ್ತಕದಿಂದ ಅದು ಲೋಕಕ್ಕೆಲ್ಲ ಹರಡಿತು.

ಸುಂದರಬನದ ಮಾತ್ಲಾ ನದಿಯ ದಡದಲ್ಲಿ ಕಲ್ಕತ್ತೆಗೆ ಬದಲಿಯಾಗಿ ಹೊಸ ಬಂದರು ಕಟ್ಟುವ ಮಾತು ಎದ್ದಾಗ ಪಿಡಿಂಗ್‌ಟನ್ 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದು ಅಚ್ಚು ಹಾಕಿಸಿದ. ಅಲ್ಲಿಗೆ ಒಂದಲ್ಲ ಒಂದು ದಿನ ಚಂಡಮಾರುತ ಸಮುದ್ರದ ನೀರನ್ನೇ ಎತ್ತಿ ತರುತ್ತದೆ, ಬೇಡ ಎಂದ. ಯಾರೂ ಕಿವಿಗೊಡಲಿಲ್ಲ. ಪೋರ್ಟ್ ಕ್ಯಾನಿಂಗ್ ಎದ್ದಿತು, ರೈಲೂ ಬಂತು. 1867ರ ಶರದೃತುವಿನ ಚಂಡಮಾರುತ, ನವೆಂಬರ್ 1ರಂದು, ಅದನ್ನು ಹಾಳುಗೆಡವಿತು. ಕೆಲವು ವರ್ಷಗಳಲ್ಲಿ ಬಂದರಿನ ಆಸೆಯನ್ನೇ ಸರ್ಕಾರ ಕೈಬಿಟ್ಟಿತು. ಹವ್ಯಾಸಿಯ ಲೆಕ್ಕವನ್ನು ತಳ್ಳಿಹಾಕಿದ್ದಕ್ಕೆ ತೆತ್ತ ಬೆಲೆ ಅದು.

ಸುಂಟರಗಾಳಿಯ ವಿಷಯದಲ್ಲಿ ಹೀಗೆ ಓಡಾಡಿ ಬರೆದುಕೊಳ್ಳುವವರ ಅಗತ್ಯ ಚಂಡಮಾರುತಕ್ಕಿಂತ ಹೆಚ್ಚು. ಚಂಡಮಾರುತ ನೂರಾರು ಕಿಲೋಮೀಟರ್ ಅಗಲ, ಉಪಗ್ರಹದ ಕಣ್ಣಿಗೆ ದಿನಗಟ್ಟಲೆ ಬೀಳುತ್ತದೆ. 50 ಮೀಟರಿನ ಸುಂಟರಗಾಳಿ ಮಾಪಕದ ಮೇಲೆಯೇ ಹಾಯುವುದು ಅಪರೂಪ, ಹಾಯ್ದರೂ ಮಾಪಕ ಉಳಿಯುವುದು ಅನುಮಾನ. ಅದಕ್ಕೇ ಅದರ ಬಲವನ್ನು ಅಳೆಯುವುದು ಬಿದ್ದ ಗೋಡೆ, ಮುರಿದ ಮರ ನೋಡಿ. 1971ರಲ್ಲಿ ಈ ಪದ್ಧತಿಗೆ ಮೆಟ್ಟಿಲು ಹಾಕಿಕೊಟ್ಟವರು ಜಪಾನಿನಿಂದ ಅಮೆರಿಕಕ್ಕೆ ವಲಸೆ ಹೋದ ಟೆಟ್ಸುಯಾ ಫುಜಿಟಾ. ಅದರ ಪರಿಷ್ಕೃತ ರೂಪ ಸಿದ್ಧಪಡಿಸಿದವರಲ್ಲಿ ಭಾರತ ಮೂಲದ ಎಂಜಿನಿಯರ್ ಕಿಶೋರ್ ಮೆಹ್ತಾ ಒಬ್ಬರು. ಭಾರತ, ಬಾಂಗ್ಲಾದೇಶಗಳ ಹಳೆಯ ಸುಂಟರಗಾಳಿಗಳ ವಿವರಗಳನ್ನು ರಿಚರ್ಡ್ ಪೀಟರ್‌ಸನ್ ಜೊತೆ ಕಲೆಹಾಕಿದವರೂ ಇದೇ ಮೆಹ್ತಾ.

ಫುಜಿಟಾ ಕಲಿಸಿದ ಇನ್ನೊಂದು ಪಾಠ ದೆಹಲಿಗೆ ನೇರವಾಗಿ ಸಲ್ಲುತ್ತದೆ. ಮೋಡದಿಂದ ತಣ್ಣನೆಯ ಗಾಳಿ ದೊಪ್ಪನೆ ಕೆಳಗೆ ಬಿದ್ದು ನೆಲಕ್ಕೆ ಬಡಿದು ಸುತ್ತಲೂ ಚಿಮ್ಮುವುದುಂಟು. ಅದೂ ಮರ ಕೆಡವುತ್ತದೆ, ಕಾರಿನ ಮೇಲೆ ಕಂಬ ಬೀಳಿಸುತ್ತದೆ, ಆದರೆ ಅದು ಸುಂಟರಗಾಳಿಯಲ್ಲ. ನಮ್ಮ ಆಂಧಿಗಳು ಹುಟ್ಟುವುದು ಹೀಗೆಯೇ. ಪಿ. ವಿ. ಜೋಸೆಫ್ ಮತ್ತು ಸಂಗಡಿಗರು 1980ರಲ್ಲಿ ವಾಯವ್ಯ ಭಾರತದ ಆಂಧಿಗಳ ಬಗ್ಗೆ 'ಮೌಸಮ್'ನಲ್ಲಿ ಬರೆದದ್ದು ಇದನ್ನೇ. ಎರಡನ್ನೂ ಗುರುತಿಸುವ ಉಪಾಯ ಸರಳ. ಮರಗಳೆಲ್ಲ ಒಂದೇ ದಿಕ್ಕಿಗೆ, ಇಲ್ಲವೇ ಒಂದು ನಡುವಿನಿಂದ ಹೊರಕ್ಕೆ ಬೀಸಣಿಗೆಯಂತೆ ಮಲಗಿದ್ದರೆ ಅದು ಬಿದ್ದ ಗಾಳಿ. ಕಿರಿದಾದ ಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡಡ್ಡ, ಒಳಮುಖವಾಗಿ ಬಿದ್ದಿದ್ದರೆ ಅದು ತಿರುಗಿದ ಗಾಳಿ. ಮಾರನೆಯ ಬೆಳಿಗ್ಗೆ ಪೌರಕಾರ್ಮಿಕರು ಕೊಂಬೆ ಕಡಿದು ಸಾಗಿಸುವುದರೊಳಗೆ ಇದನ್ನು ನೋಡಬೇಕು. ಆಮೇಲೆ ಯಾವ ಯಂತ್ರವೂ ಅದನ್ನು ಹೇಳಿಕೊಡಲಾರದು.

ಈಗ ಡಾಪ್ಲರ್ ರಾಡಾರ್ ಇದೆಯಲ್ಲ ಎನ್ನಬಹುದು. ಇದೆ. ಆದರೆ ರಾಡಾರಿನ ಕಿರಣ ದೂರ ಹೋದಷ್ಟೂ, ಭೂಮಿ ದುಂಡಗಿರುವುದರಿಂದ, ನೆಲದಿಂದ ಮೇಲಕ್ಕೆ ಹೋಗುತ್ತದೆ. ಮೋಡ ತಿರುಗುವುದನ್ನು ಅದು ಕಂಡೀತು, ಸುಳಿ ನೆಲ ಮುಟ್ಟಿತೇ ಎಂದು ಹೇಳಲು ಮನುಷ್ಯನೇ ಬೇಕು. 2023ರ ಮಾರ್ಚ್ 24ರಂದು ಪಂಜಾಬಿನ ಫಾಜಿಲ್ಕಾ ಜಿಲ್ಲೆಯ ಬಕೈನ್‌ವಾಲಾ ಹಳ್ಳಿಗೆ ಸುಂಟರಗಾಳಿ ಬಡಿದು ಮನೆಗಳು ಉರುಳಿದವು. ದೆಹಲಿಯದ್ದರಂತೆ ಅದೂ ಮಾರ್ಚ್ ತಿಂಗಳೇ. ದೇಶಕ್ಕೆಲ್ಲ ಅದು ಗೊತ್ತಾದದ್ದು ಹಳ್ಳಿಯವರು ಮೊಬೈಲಿನಲ್ಲಿ ಹಿಡಿದ ವಿಡಿಯೋದಿಂದ. ಹತ್ತು ಹದಿನೈದು ವರ್ಷ ಹಿಂದಾಗಿದ್ದರೆ ಅದೂ 'ಬೆಳೆ ಹಾನಿ'ಯ ಸಾಲಿಗೆ ಸೇರುತ್ತಿತ್ತೇನೋ. ಮಾರ್ಚ್ ಬಂತೆಂದರೆ ಮೋಡದ ಚಿತ್ರ, ತಾರಸಿಯ ಮಾಪಕದ ಅಂಕಿ, ಆಲಿಕಲ್ಲಿನ ಪಕ್ಕ ನಾಣ್ಯವಿಟ್ಟು ತೆಗೆದ ಫೋಟೋ ಕೂಡಿಡುವ ಹವ್ಯಾಸಿಗಳು ಇಲ್ಲೂ ಇದ್ದಾರೆ. ನನಗೆ ಪರಿಚಯವಿರುವವರಲ್ಲಿ ಒಬ್ಬರು ಬ್ಯಾಂಕಿನವರು, ಒಬ್ಬಳು ಇನ್ನೂ ಕಾಲೇಜಿನ ಹುಡುಗಿ. ಹಡಗಿನ ದಿನಚರಿಯ ಬದಲು ಫೋನು, ಅಷ್ಟೇ ವ್ಯತ್ಯಾಸ.

ಇದರಿಂದ ನಮಗೇನು ಎಂದರೆ, ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಕಟ್ಟಡ ಎಷ್ಟು ಗಾಳಿ ತಡೆಯಬೇಕು ಎಂದು ಹೇಳುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ. 1987ರ ಆವೃತ್ತಿಯಲ್ಲಿ ಬೆಂಗಳೂರಿಗೆ ಕೊಟ್ಟ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಕಡಲ ದಂಡೆಯ ಮಂಗಳೂರಿಗೆ 39, ದೆಹಲಿಗೆ 47. ಗಂಟೆಯ ಲೆಕ್ಕದಲ್ಲಿ ಬೆಂಗಳೂರು ಸುಮಾರು 119 ಕಿಲೋಮೀಟರ್, ದೆಹಲಿ 169. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ, ಬೆಂಗಳೂರಿನ ಗೋಡೆಗಿಂತ ದೆಹಲಿಯ ಗೋಡೆ ಎರಡರಷ್ಟು ಒತ್ತಡ ತಡೆಯಬೇಕು. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಊರು ಮಂಗಳೂರಿಗಿಂತ ಹೆಚ್ಚು ಗಾಳಿಗೆ ಸಿದ್ಧವಾಗಿರಬೇಕು ಎಂದು ಎಂಜಿನಿಯರುಗಳು ತೀರ್ಮಾನಿಸಿದ್ದು ಹಿಂದೆ ಯಾರೋ ಅಳೆದು ಬರೆದಿಟ್ಟ ಗಾಳಿಗಳನ್ನು ನೋಡಿಯೇ. 2014ರ ಮೇ 30ರಂದು ದೆಹಲಿಯ ಗಾಳಿ ಗಂಟೆಗೆ 110 ಕಿಲೋಮೀಟರ್ ದಾಟಿತ್ತು. 2018ರ ಮೇ 2ರ ರಾತ್ರಿ ಆಗ್ರಾ, ಭರತ್‌ಪುರ, ಅಲ್ವರ್ ಕಡೆ ಬೀಸಿದ ಬಿರುಗಾಳಿಗೆ ನೂರಕ್ಕೂ ಹೆಚ್ಚು ಜನ ಸತ್ತರು, ಹಲವರು ಮಲಗಿದ್ದಾಗ ಗೋಡೆ ಕುಸಿದು.

ನಮ್ಮ ಬಾಡಿಗೆ ಮನೆಗಳ ಬಾಲ್ಕನಿಗೆ ಆಮೇಲೆ ಜೋಡಿಸಿದ ಗಾಜು, ಬರ್ಸಾತಿಯ ತಗಡು, ಕಟ್ಟದೆ ಇಟ್ಟ ನೀರಿನ ಟ್ಯಾಂಕು, ಇಪ್ಪತ್ತನೆಯ ಮಹಡಿಯ ಕಟಾಂಜನದ ಮೇಲಿನ ಹೂಕುಂಡ, ಇವು ಯಾವ ಮಾನಕದ ಲೆಕ್ಕಕ್ಕೂ ಸಿಗುವುದಿಲ್ಲ. ಇವನ್ನು ಮಾರ್ಚ್‌ಗೆ ಮೊದಲು ಬಿಗಿ ಮಾಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಗಾಳಿ ಬಂದೇ ಬಿಟ್ಟರೆ ಫೋನು ಹಿಡಿದು ಬಾಲ್ಕನಿಗೆ ಓಡದೆ, ಕಿಟಕಿಯಿಂದ ದೂರ, ಕೆಳಗಿನ ಮಹಡಿಯ ಒಳಕೋಣೆಯಲ್ಲಿ ಇರುವುದು ಒಳ್ಳೆಯದು.

ಗಾಳಿ ನಿಂತ ಮೇಲೆ ಒಂದು ಸುತ್ತು ಹೋಗಿ ಬನ್ನಿ. ಗಂಟೆ ಎಷ್ಟಾಗಿತ್ತು, ಗಾಳಿ ಯಾವ ಕಡೆಯಿಂದ ಬಂತು, ಮರ ಯಾವ ಕಡೆಗೆ ಬಿತ್ತು, ಆಲಿಕಲ್ಲು ನೆಲ್ಲಿಕಾಯಿಯಷ್ಟಿತ್ತೋ ನಿಂಬೆಹಣ್ಣಿನಷ್ಟೋ, ಹಾನಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು, ನಾಲ್ಕು ಸಾಲು ಕನ್ನಡದಲ್ಲೇ ಬರೆದು ತಾರೀಖು ಹಾಕಿಡಿ. ಐದು ವರ್ಷಕ್ಕೋ ಹತ್ತು ವರ್ಷಕ್ಕೋ ನಾವು ಬೆಂಗಳೂರಿಗೆ, ಧಾರವಾಡಕ್ಕೆ, ಇಲ್ಲವೇ ಇನ್ನೊಂದು ಊರಿಗೆ ಹೊರಟುಬಿಡುತ್ತೇವೆ. ನಮ್ಮ ಮನೆಗೆ ಬೇರೆ ಬಾಡಿಗೆದಾರರು ಬರುತ್ತಾರೆ. ದೆಹಲಿಗೆ ಸುಂಟರಗಾಳಿ ಬರುತ್ತದೆಯೇ ಎಂದು ಅವರು ಕೇಳಿದರೆ, ತೋರಿಸಲು ಆ ನಾಲ್ಕು ಸಾಲಾದರೂ ಇರಲಿ.